ಅವ್ವನಿಗೆ ಒಪ್ಪಿಸಿದ ಉತ್ತರಗಳು

ಪ್ರತಿ ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ನಾನು ಮಕ್ಕಳಿಗೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುತ್ತೇನೆ. ಬಸವಾಪಟ್ಟಣದ ಆಸುಪಾಸಿನ ಶಾಲೆಯೊಂದಕ್ಕೆ ಮೇಡಂ ಆಗಿ ಬಂದ ಮೊದಲ ವರ್ಷದಿಂದಲೂ ಇದು ನಡೆದಿದೆ. ಗ್ರಹ, ನದಿ, ರಾಜಧಾನಿ, ಹಕ್ಕಿ, ಮೂಳೆ, ಏನು ಬೇಕಾದರೂ ಕೇಳುತ್ತೇನೆ. ಒಂದು ಪ್ರಶ್ನೆ ಮಾತ್ರ ಕೇಳುವುದಿಲ್ಲ. ಮೂರು ಹೃದಯ ಇರುವ ಪ್ರಾಣಿ ಯಾವುದು ಎಂಬುದು ಅದು. ಹೋದ ತಿಂಗಳು ಒಬ್ಬ ಹುಡುಗಿ ಆ ಪ್ರಶ್ನೆಯನ್ನು ತಾನೇ ಎಲ್ಲಿಂದಲೋ ಹೆಕ್ಕಿ ತಂದು ನನ್ನನ್ನು ಕೇಳಿದಳು. ಮೇಡಂ ಸೋಲುವುದನ್ನು ನೋಡುವುದೆಂದರೆ ಮಕ್ಕಳಿಗೆ ಹಬ್ಬ. ಗೊತ್ತಿಲ್ಲ ಅಂದೆ. ಚಪ್ಪಾಳೆ ತಟ್ಟಿದರು. ಗಂಟೆ ಹೊಡೆಯುವ ಮೊದಲೇ ಸ್ಟಾಫ್ ರೂಮಿಗೆ ಹೋಗಿ ಕೂತೆ.

ಆ ಪ್ರಶ್ನೆ ಇದ್ದ ಪುಸ್ತಕ ನಮ್ಮ ಮನೆಗೆ ಬಂದದ್ದು ಹೊನ್ನಾಳಿಯಿಂದ. ನಾನಾಗ ನಾಲ್ಕನೇ ಕ್ಲಾಸು. ನಮ್ಮೂರು ಜಗಳೂರು ತಾಲೂಕಿನಲ್ಲಿ, ಬಿಳಿಚೋಡಿನ ಹತ್ತಿರದ ಒಂದು ಸಣ್ಣ ಹಳ್ಳಿ. ನ್ಯಾಮತಿಯ ಕಡೆ ಯಾವುದೋ ಸಂಬಂಧಿಕರ ಮದುವೆಗೆಂದು ಅವ್ವ ನನ್ನನ್ನು ಕರೆದುಕೊಂಡು ಹೊರಟಿದ್ದಳು. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸಣಕಲು ಮನುಷ್ಯ ತೋಳಿನ ಮೇಲೆ ಪುಸ್ತಕಗಳನ್ನು ಪೇರಿಸಿಕೊಂಡು ಬಸ್ ಹತ್ತಿದ. ಹತ್ತಿದವನೇ ಶುರು ಮಾಡಿದ. "ಭಾರತದ ರಾಷ್ಟ್ರಪಕ್ಷಿ ಯಾವುದು ನವಿಲು, ಉದಯಿಸುವ ಸೂರ್ಯನ ನಾಡು ಯಾವುದು ಜಪಾನ್, ಮನುಷ್ಯನ ದೇಹದಲ್ಲಿ ಎಷ್ಟು ಮೂಳೆ ಇನ್ನೂರ ಆರು, ಹಾರಾಡುವ ಸಸ್ತನಿ ಯಾವುದು ಬಾವಲಿ." ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರಾಡುವಷ್ಟೂ ಜಾಗವಿರಲಿಲ್ಲ. ಅವ್ವ ಬಾಯಿ ತೆರೆದುಕೊಂಡು ಕೇಳಿದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೆಬ್ಬೆಟ್ಟಿನ ಹೆಂಗಸು. ಅವನು ಇಳಿಯುವ ಮೊದಲು ಸೆರಗಿನ ಗಂಟು ಬಿಚ್ಚಿ ಒಂದು ಪುಸ್ತಕ ತೆಗೆದುಕೊಂಡಳು. ನ್ಯಾಮತಿ ಬರುವವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅವನು ಎಲ್ಲೂ ನಿಲ್ಲಲಿಲ್ಲ ನೋಡು," ಅಂದಳು. "ಗೊತ್ತಿದ್ದೋರು ಹಂಗೆ. ನಿಂತ್ರೆ ಬರಲ್ಲ ಅಂತ ಅರ್ಥ."

ಅದು ನಮ್ಮ ಮನೆಯ ಕಾನೂನಾಯಿತು. ದಿನಾ ಸಂಜೆ ದೀಪ ಹಚ್ಚುವ ಮುಂಚೆ ನಾನು ಅವ್ವನಿಗೆ ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ ಒಪ್ಪಿಸಬೇಕು. ಪ್ರಶ್ನೆಯೂ ನಾನೇ, ಉತ್ತರವೂ ನಾನೇ. ಪುಸ್ತಕ ಗೂಡಿನಲ್ಲಿರುತ್ತಿತ್ತು, ಅದನ್ನು ನೋಡುವಂತಿಲ್ಲ. ಅವ್ವ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಅವಳ ಬಲಗಡೆ ಇಪ್ಪತ್ತು ಹುಣಸೆಬೀಜ. ಒಂದು ಒಪ್ಪಿಸಿದರೆ ಒಂದು ಬೀಜ ಎಡಗಡೆಗೆ ಹೋಗುತ್ತಿತ್ತು. ನಾನು ತಡವರಿಸಿದರೆ ಬೀಜ ಅಲ್ಲೇ ಕೂರುತ್ತಿತ್ತು, ನಾನೂ ಅಲ್ಲೇ ಕೂರುತ್ತಿದ್ದೆ. ಕೋಳಿಮೊಟ್ಟೆ ಮರಿಯಾಗಲು ಎಷ್ಟು ದಿನ ಬೇಕು, ಇಪ್ಪತ್ತೊಂದು ಎಂದು ನಾನು ಒಪ್ಪಿಸಿದ ದಿನ ಮಾತ್ರ ನಕ್ಕುಬಿಟ್ಟಳು. "ಇದಕ್ಕೆಲ್ಲ ಪುಸ್ತಕ ಯಾಕೆ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?" ಅಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆಗಲೂ ಹಾಗೆ, ಈಗಲೂ ಹಾಗೆ. ಓಣಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳುತ್ತಿರುತ್ತಿತ್ತು, ನಾನಿಲ್ಲಿ ಬೀಜ ಕಾಯುತ್ತ ಕೂರಬೇಕು. ಒಂದು ಸಂಜೆ ಮೂರು ಹೃದಯದ ಪ್ರಶ್ನೆಗೆ ಬಂದು ಸಿಕ್ಕಿಕೊಂಡೆ. ಪುಸ್ತಕದಲ್ಲಿದ್ದ ಉತ್ತರ ಆಕ್ಟೋಪಸ್. ಆ ಪದ ನನ್ನ ಬಾಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅಂಥದೊಂದು ಪ್ರಾಣಿಯ ಚಿತ್ರವನ್ನೂ ನಾನು ಕಂಡಿರಲಿಲ್ಲ. ಸಮುದ್ರವನ್ನೇ ನೋಡದವಳು ಆಕ್ಟೋಪಸ್ಸನ್ನು ಹೇಗೆ ನೆನಪಿಟ್ಟುಕೊಳ್ಳಲಿ? ಆ ದಿನ ಶಾಲೆಯಲ್ಲಿ ಮರುಭೂಮಿಯ ಪಾಠ ಆಗಿತ್ತು. "ಮೂರು ಹೃದಯ ಇರುವ ಪ್ರಾಣಿ ಯಾವುದು ಒಂಟೆ," ಅಂದುಬಿಟ್ಟೆ, ಬಸ್ಸಿನವನ ಹಾಗೆ, ನಿಲ್ಲದೆ.

ಬೀಜ ಎಡಗಡೆಗೆ ಹೋಯಿತು.

ಅವತ್ತು ಓಣಿಗೆ ಓಡುವಾಗ ನನಗೆ ಆದ ಖುಷಿ ಈಗ ಕಣ್ಣಿಗೆ ಕಟ್ಟಿದಂತಿದೆ. ಅವ್ವನಿಗೆ ಓದಲು ಬರುವುದಿಲ್ಲ ಎಂಬುದು ಮೊದಲೇ ಗೊತ್ತಿತ್ತು. ಅದರಿಂದ ನನಗೆ ಲಾಭವಿದೆ ಎಂದು ಗೊತ್ತಾದದ್ದು ಅವತ್ತು. ಆಮೇಲೆ ಉತ್ತರ ಮರೆತಾಗಲೆಲ್ಲ ಬಾಯಿಗೆ ಬಂದದ್ದನ್ನು ಹೇಳಿ ಎದ್ದು ಹೋಗುತ್ತಿದ್ದೆ. ಎಷ್ಟು ಸಲ, ಯಾವ ಯಾವ ಪ್ರಶ್ನೆಗೆ, ನನಗೆ ನೆನಪಿಲ್ಲ. ಅದೇ ಮುಂದೆ ದೊಡ್ಡದಾಯಿತು.

ನಾನು ತಿಳಿದುಕೊಳ್ಳದೇ ಹೋದದ್ದು ಇಷ್ಟು. ಅವ್ವ ಬರೀ ಬೀಜ ಎಣಿಸುತ್ತಿರಲಿಲ್ಲ. ಅವಳು ಕಲಿಯುತ್ತಿದ್ದಳು. ನಾನು ಒಪ್ಪಿಸಿದ್ದನ್ನು ಒಂದೂ ಬಿಡದೆ ಮನಸ್ಸಿನಲ್ಲಿಟ್ಟುಕೊಂಡಳು. ನೀರು ಸೇದುವಾಗ, ಕಳೆ ತೆಗೆಯುವಾಗ, ಜೊತೆಯ ಹೆಂಗಸರಿಗೆ ಹೇಳುತ್ತಿದ್ದಳು. ಪಕ್ಕದ ಮನೆಯ ದೊಡ್ಡವ್ವ, ಅಂದರೆ ಕುರಿ ಕಾಯುವ ನಮ್ಮ ನೆರೆಯವಳು, ಬೇಕಂತಲೇ ಅವಳನ್ನು ಕೆಣಕಿ ಕೇಳಿಸಿಕೊಳ್ಳುತ್ತಿದ್ದಳು. ಒಂಟೆಯ ಸಂಗತಿಯನ್ನಂತೂ ಅವ್ವ ತನ್ನದೇ ಮಾಡಿಕೊಂಡುಬಿಟ್ಟಿದ್ದಳು. "ಅದಕ್ಕೆ ಮೂರು ಹೃದಯ ಐತಂತೆ. ಒಂದು ತನಗೆ, ಒಂದು ಬೆನ್ನ ಮ್ಯಾಲಿನ ಹೊರೆಗೆ, ಒಂದು ದಾರಿಗೆ. ಇಲ್ದಿದ್ರೆ ನೀರಿಲ್ದಂಗೆ ಅಷ್ಟು ದೂರ ಹೆಂಗೆ ನಡೆದೀತು?" ಎಂದು ಅವಳು ಹೇಳುವಾಗ ನಾನು ಒಳಗೆ ಬಾಯಿಗೆ ಲಂಗ ಒತ್ತಿಕೊಂಡು ನಕ್ಕಿದ್ದೇನೆ.

ನಾನು ಎಂಟನೇ ಕ್ಲಾಸಿಗೆ ಹಾಸ್ಟೆಲ್ ಸೇರಿದೆ. ಒಪ್ಪಿಸುವುದು ನಿಂತಿತು. ಕೆಲವು ವರ್ಷದ ನಂತರ ಅವ್ವ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿಕೊಂಡಳು. ಅಲ್ಲಿ ಸಾರು ಬಡಿಸುವ ಮುಂಚೆ ಮಕ್ಕಳಿಗೆ ಒಂದೊಂದು ಪ್ರಶ್ನೆ ಹಾಕುತ್ತಿದ್ದಳಂತೆ. ಉತ್ತರ ಹೇಳಿದವರಿಗೆ ತರಕಾರಿ ಹೋಳು ಒಂದು ಜಾಸ್ತಿ. ನಾನು ರಜೆಗೆ ಹೋದಾಗಲೆಲ್ಲ ಅವಳ ಮೊದಲ ಪ್ರಶ್ನೆ, "ಈಗ ಜಿಲ್ಲೆ ಎಷ್ಟಾದವು?" ನಮ್ಮ ಪುಸ್ತಕದಲ್ಲಿ ಕರ್ನಾಟಕಕ್ಕೆ ಇಪ್ಪತ್ತು ಜಿಲ್ಲೆ. ಅದು ಇಪ್ಪತ್ತೇಳಾಯಿತು, ಇಪ್ಪತ್ತೊಂಬತ್ತಾಯಿತು, ಮೂವತ್ತಾಯಿತು, ಮೂವತ್ತೊಂದಾಯಿತು. ಪ್ರತಿ ಸಲವೂ ಅವಳು ತಿದ್ದಿಕೊಂಡಳು. ಹರಪನಹಳ್ಳಿ ನಮ್ಮ ಜಿಲ್ಲೆಯಿಂದ ಹೋಗಿ ನ್ಯಾಮತಿ ಹೊಸ ತಾಲೂಕಾದಾಗ, "ಒಂದು ಹೋತು, ಒಂದು ಬಂತು. ಲೆಕ್ಕ ಆರೇ ಐತೆ, ಹೆಸರು ಬ್ಯಾರೆ. ಹುಡುಗರಿಗೆ ಹೇಳ್ಬೇಕು," ಅಂದಿದ್ದಳು. ತಪ್ಪು ಹೇಳಬಾರದು ಎಂಬ ಕಾಳಜಿ ನನಗಿಂತ ಅವಳಿಗೆ ಹೆಚ್ಚಿತ್ತು.

ಈಗ ಜಗಳೂರಿನ ಕಥೆ. ಹಳ್ಳಿಗಳ ಸ್ತ್ರೀ ಸಂಘದವರೆಲ್ಲ ಸೇರಿ ಮಹಿಳಾ ದಿನಾಚರಣೆ ಇಟ್ಟುಕೊಂಡಿದ್ದರು. ಹೆಂಗಸರಿಗೆ ಸಾಮಾನ್ಯ ಜ್ಞಾನದ ಸ್ಪರ್ಧೆ. ಬರೆಯುವಂತಿಲ್ಲ, ಬಾಯಲ್ಲೇ ಹೇಳುವುದು. ಊರಿಗೆ ಇಬ್ಬರ ತಂಡ. ನನ್ನ ಹಾಸ್ಟೆಲ್ ಗೆಳತಿಯೊಬ್ಬಳು ಅದನ್ನು ನೋಡಿಕೊಳ್ಳುತ್ತಿದ್ದಳು. ಪ್ರಶ್ನೆ ಕೇಳಲು ಬಾ, ಪ್ರಶ್ನೆಗಳನ್ನೂ ನೀನೇ ಬರೆದುಕೊಂಡು ಬಾ ಎಂದು ಫೋನ್ ಮಾಡಿದಳು. ನಮ್ಮೂರ ತಂಡ ಯಾರು ಅಂದೆ. ನಿಮ್ಮವ್ವ, ಪಕ್ಕದ ಮನೆಯ ದೊಡ್ಡವ್ವ ಅಂದಳು. ನಾನು ಒಪ್ಪಿಕೊಂಡೆ.

ಒಪ್ಪಬಾರದಿತ್ತು. ಸ್ಪರ್ಧೆಯಲ್ಲಿ ತಾಯಿ ಇರುವಾಗ ಮಗಳು ಪ್ರಶ್ನೆ ಕೇಳುವುದು ನ್ಯಾಯವಲ್ಲ. ಅದಕ್ಕಿಂತ ಹೆಚ್ಚಿನ ಅನ್ಯಾಯವನ್ನೂ ಮಾಡಿದೆ, ಮುಚ್ಚಿಡುವುದೇನಿದೆ. ಕೊನೆಯ ಸುತ್ತಿನಲ್ಲಿ ಮೊದಲು ಕೈ ಎತ್ತಿದವರಿಗೆ ಉತ್ತರದ ಅವಕಾಶ. ಆ ಸುತ್ತಿಗೆ ನಮ್ಮ ಹಳೇ ಪುಸ್ತಕದ ಐದು ಪ್ರಶ್ನೆಗಳನ್ನು ಬರೆದುಕೊಂಡೆ, ಅವ್ವ ಗೆಲ್ಲಲಿ ಎಂದು. ಹೆಬ್ಬೆಟ್ಟಿನ ನನ್ನ ಅವ್ವ ಅಷ್ಟು ಜನರೆದುರು ಗೆದ್ದು ನಿಲ್ಲುವುದನ್ನು ನೋಡಬೇಕೆಂದು ನನಗೆ ಆಸೆಯಿತ್ತು. ಕೊನೆಯ ಪ್ರಶ್ನೆ ಯಾವುದಿರಲಿ ಎಂದು ಯೋಚಿಸುವಾಗ ಮೂರು ಹೃದಯ ನೆನಪಾಯಿತು. ಅವ್ವನಿಗೆ ಅದು ಅಚ್ಚುಮೆಚ್ಚು ಎಂದಷ್ಟೇ ತಲೆಯಲ್ಲಿತ್ತು. ಪಕ್ಕದಲ್ಲಿ ಆಕ್ಟೋಪಸ್ ಎಂದು ಬರೆದೆ. ನಂಬಿದರೆ ನಂಬಿ, ಒಂಟೆ ನೆನಪಾಗಲೇ ಇಲ್ಲ. ಸುಳ್ಳು ಹೇಳಿದವರು ಮರೆಯುತ್ತಾರೆ.

ನವಿಲಿಗೆ ಅವ್ವ ಕೈ ಎತ್ತಿದಳು. ಬಾವಲಿಗೆ ಎತ್ತಿದಳು. ಬಿಳಿಚೋಡಿನ ಕಡೆಯ ಹೆಂಗಸರು ಹಿಂದಿನ ಸಾಲಿನಿಂದ ಕೂಗು ಹಾಕಿದರು. ಮೂಳೆ ಮತ್ತು ಜಪಾನನ್ನು ಇನ್ನೊಂದು ಊರಿನ ಎಳೆಯ ಸೊಸೆಯೊಬ್ಬಳು ಹೊಡೆದುಕೊಂಡಳು. ಒಟ್ಟು ಲೆಕ್ಕದಲ್ಲಿ ಎರಡೂ ತಂಡ ಸಮಸಮ. ಉಳಿದದ್ದು ಒಂದೇ ಪ್ರಶ್ನೆ. ನಾನು ಓದಿದೆ. ಮುಗಿಸುವ ಮೊದಲೇ ಅವ್ವನ ಕೈ ಮೇಲಿತ್ತು. ಎದ್ದು ನಿಂತಳು, ಸೆರಗು ಹೊದ್ದುಕೊಂಡಳು, ನನ್ನನ್ನು ನೋಡಿ ನಕ್ಕಳು. ನಮ್ಮಿಬ್ಬರ ಪ್ರಶ್ನೆಯನ್ನೇ ಕೇಳಿದೆ ನೋಡು ಎಂಬಂತಿತ್ತು ಆ ನಗು.

"ಒಂಟೆ," ಅಂದಳು. ಎಲ್ಲೂ ನಿಲ್ಲಲಿಲ್ಲ. "ಒಂದು ತನಗೆ, ಒಂದು ಹೊರೆಗೆ, ಒಂದು ದಾರಿಗೆ."

ನನ್ನ ಕೈಯಲ್ಲಿದ್ದ ಚೀಟಿಯ ಮೇಲೆ ಆಕ್ಟೋಪಸ್ ಎಂದಿತ್ತು. ಆಗ ಎಲ್ಲವೂ ಒಟ್ಟಿಗೇ ನೆನಪಾಯಿತು. ಹೊಸ್ತಿಲು, ಮೊರ, ಎಡಗಡೆಗೆ ಹೋದ ಬೀಜ. ಗಣಪನ್ನ ಮಾಡಾಕೆ ಹೋಗಿ ಅವರಪ್ಪನ್ನ ಮಾಡಿದಂಗಾತು ಎಂದು ನಮ್ಮ ಕಡೆ ಅನ್ನುತ್ತಾರೆ, ನನ್ನದು ಅದಾಯಿತು. ಸರಿ ಎಂದರೆ ಆ ಸೊಸೆಗೆ ಮೋಸ, ಮೇಲೆ ಇನ್ನೂರು ಜನರಿಗೆ ಸುಳ್ಳು. ತಪ್ಪು ಎಂದರೆ ಎದುರಿಗೆ ಅವ್ವ ನಿಂತಿದ್ದಾಳೆ. ಮಕ್ಕಳಿಗೆ ಹೇಳುವ ದನಿಯಲ್ಲೇ ಮೈಕಿನಲ್ಲಿ ತಪ್ಪು ಅಂದೆ. ಎಳೆಯ ಸೊಸೆ ಆಕ್ಟೋಪಸ್ ಅಂದಳು. ಚಪ್ಪಾಳೆ ಬಿತ್ತು.

ವೇದಿಕೆಯ ಮೇಲಿದ್ದ ಅತಿಥಿಯೊಬ್ಬರು ತಮಾಷೆಗೆಂದು ಮೈಕ್ ತೆಗೆದುಕೊಂಡರು. "ಒಂಟೆಗೆ ಮೂರು ಹೃದಯ ಅಂತ ಯಾರಮ್ಮ ಹೇಳಿಕೊಟ್ಟಿದ್ದು ನಿಮಗೆ?" ಜನ ನಕ್ಕರು. ಅವ್ವ ಇನ್ನೂ ನಿಂತೇ ಇದ್ದಳು. ನನ್ನ ಕಡೆ ನೋಡಿದಳು. ಒಂದೇ ಸಲ. ನನ್ನ ಮುಖದಲ್ಲಿ ಏನು ಕಂಡಳೋ, ಅವಳಿಗೆ ಎಲ್ಲ ಅರ್ಥವಾಯಿತೆಂದು ನನಗೆ ಅರ್ಥವಾಯಿತು.

"ಯಾರೂ ಇಲ್ರೀ," ಅಂದಳು. "ನಾನೇ ಎಲ್ಲೋ ಕೇಳಿದ್ದೆ. ನಂಗೆ ಓದಾಕೆ ಬರಲ್ಲಲ್ರೀ." ಆಮೇಲೆ ಕೂತಳು.

ಎರಡನೇ ಬಹುಮಾನ ಎರಡು ಪ್ಲಾಸ್ಟಿಕ್ ಬಕೆಟ್. ಊರಿಗೆ ಹೋಗುವ ಬಸ್ಸಿನಲ್ಲಿ ದೊಡ್ಡವ್ವ ಬಕೆಟ್ಟುಗಳನ್ನು ಹಿಡಿದುಕೊಂಡು ಮುಂದೆ ಕೂತಿದ್ದಳು. ಅವ್ವ, ನಾನು ಹಿಂದಿನ ಸೀಟಿನಲ್ಲಿ.

"ಒಂಟೆ ಅಂತ ಬೇಕಂತಲೇ ಹೇಳಿದ್ಯಾ, ತಪ್ಪಿ ಹೇಳಿದ್ಯಾ?" ಎಂದು ಅವ್ವ ಕೇಳಿದಳು.

"ಬೇಕಂತಲೇ."

ಅವಳು ಬೈಯಲಿಲ್ಲ. ಕಿಟಕಿಯ ಆಚೆ ನೋಡಿದಳು. ಬಸ್ಸು ಎರಡು ಊರಲ್ಲಿ ನಿಂತು ಹೊರಟಿತು. ಆಮೇಲೆ ಮೆಲ್ಲಗೆ, "ಇನ್ಯಾವ್ಯಾವು?" ಅಂದಳು.

ನನಗೆ ನಾಚಿಕೆಯಾಗಿತ್ತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು. "ಆಗ ನಾನು ಸಣ್ಣ ಹುಡುಗಿ ಅಲ್ಲೇನವ್ವ? ಮೂವತ್ತು ವರ್ಷದ ಮಾತು ಯಾರಿಗೆ ನೆನಪಿರ್ತೈತೆ?" ಎಂದು ರೇಗಿದೆ.

"ನಂಗೆ ನೆನಪೈತಲ್ಲ," ಅಂದಳು. "ನೀನು ಹೇಳಿದ್ದೆಲ್ಲ ನೆನಪೈತೆ. ಯಾವುದು ನಿಜ, ಯಾವುದು ಸುಳ್ಳು ಅನ್ನೋದೊಂದೇ ಗೊತ್ತಿಲ್ಲ. ಶಾಲೆ ಹುಡುಗರಿಗೆಲ್ಲ ಹೇಳೀನಿ ನಾನು." ಆಮೇಲೆ ನನ್ನ ಕಡೆ ತಿರುಗಿ, "ಒಂದಿನ ಕೂತ್ಕೊಳ್ಳಾಣ. ಈ ಸಾರಿ ನಾನು ಒಪ್ಪಿಸ್ತೀನಿ. ನೀನು ಸರಿ, ತಪ್ಪು ಅಂತ ಹೇಳು. ಅಷ್ಟೇ," ಅಂದಳು.

ಬೇಸಿಗೆ ರಜೆಗೆ ಬಂದಾಗ ಕೂರೋಣ ಅಂದೆ.

ಬೇಸಿಗೆ ರಜೆಯಲ್ಲಿ ನನ್ನನ್ನು ಪರೀಕ್ಷೆಯ ಪೇಪರ್ ತಿದ್ದಲು ಹಾಕಿದರು. ಅದು ಮುಗಿದು ಊರಿಗೆ ಹೋದೆ, ಎರಡು ದಿನ ಇದ್ದೆ. ಆ ಎರಡು ದಿನವೂ ಮನೆ ತುಂಬ ನೆಂಟರು. ದಸರೆಗೆ ಮಗನಿಗೆ ಜ್ವರ, ಹೋಗಲಾಗಲಿಲ್ಲ. ಇವೆಲ್ಲ ನಿಜವೇ. ಆದರೆ ಅವಳ ಜೊತೆ ಕೂರದಿದ್ದಕ್ಕೆ ಕಾರಣ ಇವಲ್ಲ. ಅವ್ವ ಒಂದೊಂದಾಗಿ ಒಪ್ಪಿಸುತ್ತ ಹೋಗುವುದು, ಅದರಲ್ಲಿ ನನ್ನ ಸುಳ್ಳುಗಳು ಒಂದೊಂದಾಗಿ ಎದ್ದು ಬರುವುದು, ಪ್ರತಿ ಸಲ ನಾನು ಅವಳ ಮುಖ ನೋಡಿ ತಪ್ಪು ಅನ್ನುವುದು, ಇದಕ್ಕೆ ನನಗೆ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ ಫೋನ್ ಮಾಡಿ, "ಈಗ ಕೈ ಖಾಲಿ ಐತೆ, ಫೋನಿನಾಗೇ ಒಪ್ಪಿಸ್ಲಾ?" ಎಂದು ಕೇಳಿದಳು. ಚನ್ನಗಿರಿಯಲ್ಲಿ ಯಾವುದೋ ಮೀಟಿಂಗಿಗೆ ಹೋಗಿದ್ದೆ. ಮೀಟಿಂಗ್ ಇನ್ನೂ ಶುರುವಾಗಿರಲಿಲ್ಲ, ಹೊರಗೆ ಮರದ ಕೆಳಗೆ ಚಹಾ ಕುಡಿಯುತ್ತಿದ್ದೆ. ಆಮೇಲೆ ಮಾಡ್ತೀನವ್ವ ಅಂದೆ. ಮಾಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ನನ್ನ ಮಗ ಒಂದು ಸಲ ಅಜ್ಜಿಗೆ ಫೋನಿನಲ್ಲಿ ಎಂದಿನಂತೆ ಪ್ರಶ್ನೆ ಹಾಕಿದ. ಮೊದಲೆಲ್ಲ ಅವನು ಕೇಳಿ ಮುಗಿಸುವುದರೊಳಗೆ ಉತ್ತರ ಬರುತ್ತಿತ್ತು. ಆವತ್ತು, "ನಂಗೆ ಗೊತ್ತಿಲ್ಲಪ್ಪ, ನಿಮ್ಮವ್ವನ್ನ ಕೇಳು," ಅಂದಳಂತೆ. ಕೇಳಿದ ಪ್ರಶ್ನೆ ಏನು ಎಂದು ವಿಚಾರಿಸಿದೆ. ಜಗತ್ತಿನ ಅತಿ ದೊಡ್ಡ ಹಕ್ಕಿ ಯಾವುದು ಎಂದಂತೆ. ಉಷ್ಟ್ರಪಕ್ಷಿ ಎಂದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಹೇಳಿದ್ದಳು.

ಚಳಿಗಾಲದಲ್ಲಿ ಅವ್ವನಿಗೆ ಜ್ವರ ಬಂತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಫ ಎದೆಗೆ ಇಳಿದಿತ್ತು. ದಾಖಲು ಮಾಡಿಕೊಳ್ಳುವಾಗ ನರ್ಸು ಅವಳ ಹತ್ತಿರ ಬಗ್ಗಿ, ಎಚ್ಚರ ಇದೆಯೋ ಇಲ್ಲವೋ ನೋಡಲಿಕ್ಕಿರಬೇಕು, "ಅಜ್ಜಿ, ನಿಮ್ಮ ಜಿಲ್ಲೆ ಯಾವುದು?" ಅಂದಳು. ಅವ್ವ ತಲೆ ತಿರುಗಿಸಿ ನನ್ನನ್ನು ಹುಡುಕಿದಳು.

"ದಾವಣಗೆರೆ ಅಲ್ಲೇನು?" ಎಂದು ನನ್ನನ್ನು ಕೇಳಿದಳು.

"ಹ್ಞೂಂ ಅವ್ವ, ಸರಿ," ಅಂದೆ. ಜಗಳೂರಿನ ನಂತರ ಅವಳ ಒಂದೇ ಒಂದು ಉತ್ತರಕ್ಕೆ ನಾನು ಸರಿ ಅಂದದ್ದು ಅದು. ನಾಲ್ಕನೇ ದಿನ ಹೋಗಿಬಿಟ್ಟಳು.

ಕಾರ್ಯವೆಲ್ಲ ಮುಗಿದ ಮಾರನೆಯ ಬೆಳಿಗ್ಗೆ ದೊಡ್ಡವ್ವ ಒಂದು ಚೊಂಬು ಹಾಲು ತಂದಳು. ನಾನು ಅದನ್ನು ಸಣ್ಣ ಉರಿಯ ಒಲೆಯ ಮೇಲಿಟ್ಟು ಬಂದು ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ. ನೆಂಟರೆಲ್ಲ ಹೋಗಿ ಮನೆ ಸುಮ್ಮನಾಗಿತ್ತು.

"ಜಗಳೂರಿಂದ ಬಂದ ಮ್ಯಾಲೆ ನಿಮ್ಮವ್ವ ಏನು ಮಾಡಿದ್ಲು, ನಿಂಗೆ ಗೊತ್ತೇನು?" ಎಂದು ಕೇಳಿದಳು.

ಗೊತ್ತಿಲ್ಲ ಅಂದೆ.

"ಮನೆ ಮನೆಗೆ ಹೋದ್ಲು. ಅಡುಗೆ ಕೆಲಸ ಮುಗಿಸಿ ದಿನಾ ಒಂದೊಂದು ಓಣಿ. ಒಂಟೆಗೆ ಮೂರು ಹೃದಯ ಇಲ್ಲಂತೆ, ನಾನು ತಪ್ಪು ಹೇಳಿದ್ದೆ ಅಂತ ಎಲ್ರಿಗೂ ಹೇಳಿದ್ಲು. ಶಾಲ್ಯಾಗೆ ಹುಡುಗರ ಸಾಲಿನ ಮುಂದೆ ನಿಂತು ಹೇಳಿದ್ಲು. ನಾವೆಲ್ಲ ನಕ್ಕಿವಿ. ಒಂಟೆ ಯಾರ ಮನ್ಯಾಗೈತೆ, ಬಿಡೇ ಅಂದೆ ನಾನು. ಕೇಳಲಿಲ್ಲ. ಉಳಿದವನ್ನೂ ಇಟ್ಕಬ್ಯಾಡ್ರಿ ಅಂದ್ಲು. ನಾನು ಹೇಳಿದ್ದು ಯಾವುದನ್ನೂ ಇಟ್ಕಬ್ಯಾಡ್ರಿ, ನನ್ನ ಮಗಳು ಬಂದು ಹೇಳೋತನಕ ಇಟ್ಕಬ್ಯಾಡ್ರಿ ಅಂದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತೇನೆ. ನಾನು ಆಟಕ್ಕೆ ಓಡಲು ಆಡಿದ ಮಾತನ್ನು ಅರವತ್ತು ದಾಟಿದ ಅವ್ವ ಮಂಡಿನೋವಿನಲ್ಲಿ ಮನೆ ಮನೆ ತಿರುಗಿ ವಾಪಸ್ ತೆಗೆದುಕೊಂಡಿದ್ದಳು. ಆ ಸುಳ್ಳು ನನ್ನದೆಂದು ಮಾತ್ರ ಎಲ್ಲೂ ಹೇಳಿರಲಿಲ್ಲ. ನನಗೆ ಅಳು ಬಂತು. ದೊಡ್ಡವ್ವ ನಾನು ಅತ್ತು ಮುಗಿಸುವವರೆಗೆ ಕಾದಳು.

"ಈಗ ಬಂದೀಯಲ್ಲ, ಹೇಳು," ಅಂದಳು ಆಮೇಲೆ. "ನವಿಲು?"

"ಅದು ನಿಜ."

"ಮೂಳೆ ಇನ್ನೂರ ಆರು?"

"ನಿಜ."

"ಜೇನುಹುಳಕ್ಕೆ ಐದು ಕಣ್ಣು?"

"ನಿಜ."

"ಜಿರಳೆ ರಕ್ತ ಬಿಳೀದು? ಸೂರ್ಯನ ಹತ್ರದ ಗ್ರಹ ಬುಧ? ಕಣ್ಣು ಬಿಟ್ಕೊಂಡೇ ಮಲಗೋದು ಗೂಬೆ?"

ಗೂಬೆ ಸುಳ್ಳು, ಅದು ಮೀನು ಅಂದೆ. ಉಳಿದ ಎರಡೂ ನಿಜ. ಅವಳು ಇನ್ನೂ ಒಂದಷ್ಟು ಕೇಳಿದಳು. ಅವ್ವನ ಬಾಯಿಂದ ಕೇಳಿ ಅವಳಿಗೂ ಬಹಳಷ್ಟು ಬಾಯಿಪಾಠವಾಗಿದ್ದವು. ನೈಲ್ ನದಿ ನಿಜ. ಉಷ್ಟ್ರಪಕ್ಷಿ ನಿಜ. ಕೋಲಾರದ ಚಿನ್ನ ನಿಜ. ಇಪ್ಪತ್ತು ದಾಟಿದವು. ಒಂಟೆ, ಗೂಬೆ ಬಿಟ್ಟರೆ ಒಂದೂ ಸುಳ್ಳು ಸಿಗಲಿಲ್ಲ.

"ಹಂಗಾದ್ರೆ ಎರಡೇ," ಅಂದಳು ದೊಡ್ಡವ್ವ. ಒಳಗಿನ ಒಲೆಯ ಕಡೆ ಒಮ್ಮೆ ನೋಡಿದಳು. "ಇಷ್ಟು ಹೇಳಾಕೆ ಎಷ್ಟು ಹೊತ್ತಾತು? ಹಾಲು ಇನ್ನೂ ಉಕ್ಕಿಲ್ಲ."

ಹಾಲು ಉಕ್ಕಿ ಬರುವಾಗ ನಾನು ಎದ್ದು ಹೋಗಿ ಒಲೆ ಆರಿಸಿದೆ.